ಹಸಿರು ಕಂಬ ಕಡಿದದ್ದನ್ನು ಕಂಡವರು ಯಾರು?

ಮೊದಲ ಕಲ್ಲು ಸಬ್ ಇನ್ಸ್‌ಪೆಕ್ಟರ್ ಗುಲಾಮ್ ಹುಸೇನನ ಹುಬ್ಬಿಗೆ ಬಿತ್ತು. ಎರಡನೆಯದು ಅವನ ಬೆನ್ನ ಹಿಂದಿನ ತಗಡಿನ ಗೋಡೆಗೆ ಬಡಿಯಿತು. ಮಂಗಳಾರತಿಯ ಹೊತ್ತಿನ ಜಾಗಟೆಯಂತೆ ಗುಡ್ಡವೆಲ್ಲ ಮೊಳಗಿತು.

“ಗಣಪತೀನ ಹೊರಗೆ ಬಿಡಿ ಸಾಬ್ರೆ! ಒಂದು ಗಳಿಗೆ ನಮ್ಮ ಕೈಗೆ ಕೊಡಿ ಸಾಕು! ಉಳಿದದ್ದನ್ನ ನಿಮ್ಮ ಕೋರ್ಟಿಗೆ ತಗಂಡು ಹೋಗಿ!”

“ಉಳಿದ್ರೆ ತಾನೆ!” ಎಂದು ಇನ್ನೊಬ್ಬ ಕೂಗಿದ. ಜನ ನಕ್ಕರು. ಆ ನಗು ಕಲ್ಲಿಗಿಂತ ಕೆಟ್ಟದಾಗಿತ್ತು.

ಕೊಪ್ಪದಿಂದ ಕಮ್ಮರಡಿಗೆ ಹೋಗುವ ರಸ್ತೆಯಿಂದ ಒಳಗಿದ್ದ ಆ ಬೋಳುಗುಡ್ಡದ ಕಾಲುದಾರಿಯಲ್ಲಿ ಇಬ್ಬರು ಪೇದೆಗಳು ಲಾಠಿ ಅಡ್ಡ ಹಿಡಿದು ನಿಂತಿದ್ದರು, ಮಳೆಗಾಲದ ತುಂಗೆಗೆ ಬಾಳೆದಿಂಡಿನ ಕಟ್ಟ ಹಾಕಿದಂತೆ. ಚಿಕ್ಕಮಗಳೂರಿನಿಂದ ಹೊರಟ ಪೊಲೀಸ್ ವ್ಯಾನು ಸಂಜೆಯೊಳಗೆ ಬಂದರೆ ಗಣಪತಿ ಬದುಕಿದ. ಅದಕ್ಕೆ ಮುಂಚೆ ಕಟ್ಟ ಒಡೆದರೆ, ಅವನ ಮೈಯ ಚೂರುಗಳನ್ನು ಹೆಂಡತಿ ಸೆರಗಿನಲ್ಲಿ ಆಯಬೇಕಾಗಿತ್ತು.

ಹಿಂದಿನ ರಾತ್ರಿ ಗುಡ್ಡದ ನೆತ್ತಿಯ ಟೆಲಿಸ್ಕೋಪಿನ ಮನೆಯಲ್ಲಿ ವಿಜ್ಞಾನಿ ಗಂಗಾಂಬಿಕೆಯವರ ಕುತ್ತಿಗೆಯನ್ನು ಯಾರೋ ಕಿವಿಯಿಂದ ಕಿವಿಗೆ ಕೊಯ್ದಿದ್ದರು. ಕತ್ತಿ ಅಲ್ಲಿ ರಾತ್ರಿ ಕಾವಲಿಗಿದ್ದ ಗಣಪತಿಯದು. ಹೆಣದ ಪಕ್ಕ ಅದನ್ನು ಹಿಡಿದು ಸಿಕ್ಕವನೂ ಗಣಪತಿಯೇ.

ಊರಿನವರು ಆಕೆಯನ್ನು ಚುಕ್ಕಿಯಮ್ಮ ಎನ್ನುತ್ತಿದ್ದರು. ಮೂರು ಚಳಿಗಾಲದಿಂದ ಆಕೆ ಈ ಗುಡ್ಡದ ಮೇಲಿದ್ದರು. ಕೂಲಿಗೆ ಹೋಗಿ ದಣಿದು ಬಂದವರನ್ನೂ ಕರೆದು ಶನಿಯ ಬಳೆ ತೋರಿಸುತ್ತಿದ್ದರು. “ಶೃಂಗೇರಿ ಮೆಟ್ಟಿಲ ಮೇಲೆ ನಿಂತು ಹೊಳೆ ಮೀನು ನೋಡಿದೀರಲ್ಲ? ನೀರು ಅಲುಗಿದ್ರೆ ಮೀನಿನ ಆಕಾರ ಒಡೆದು ಹೋಗುತ್ತೆ. ತಲೆ ಮೇಲಿನ ಗಾಳಿಯೂ ಹಂಗೇ. ನಾವೆಲ್ಲ ಹೊಳೆ ತಳದಲ್ಲಿ ಕೂತು ಚುಕ್ಕಿ ನೋಡ್ತಿರೋ ಜನ” ಎನ್ನುತ್ತಿದ್ದರು.

ಆ ಅಲುಗಾಟವನ್ನು ತಿದ್ದುವುದೇ ಆಕೆಯ ಕೆಲಸ. ಆಕಾಶಕ್ಕೆ ಹಸಿರು ಲೇಸರ್ ಬೆಳಕಿನ ಕಂಬವೊಂದನ್ನು ನಿಲ್ಲಿಸುವುದು. ಮೇಲಿನ ಗಾಳಿಗೆ ತಗುಲಿ ಮರಳುವ ಚೂರು ಬೆಳಕು ಹೇಗೆ ನಡುಗುತ್ತದೆಂದು ನೋಡುವುದು. ಆ ನಡುಕಕ್ಕೆ ಎದುರಾಗಿ ಟೆಲಿಸ್ಕೋಪಿನೊಳಗಿನ ತೆಳು ಕನ್ನಡಿಯನ್ನು ಬೆನ್ನಿನಿಂದ ಒತ್ತಿ ಒತ್ತಿ ಬಾಗಿಸುವುದು. ಎರಡು ನಡುಕಗಳು ಒಂದನ್ನೊಂದು ತಿಂದು ಚುಕ್ಕಿ ನಿಚ್ಚಳವಾಗಿ ನಿಲ್ಲಬೇಕು. ಎರಡು ಚಳಿಗಾಲ ನಿಲ್ಲಲಿಲ್ಲ. ಹೋದ ವಾರ ನಿಂತಿತು. ಈ ವಾರ ಆಕೆಯೇ ಇಲ್ಲ.

ಗುಲಾಮ್ ಹುಸೇನ್ ಕೊರಳಿನ ಕಪ್ಪು ಮಫ್ಲರ್ ಬಿಚ್ಚಿ ಹುಬ್ಬಿನ ಗಾಯಕ್ಕೆ ಬಿಗಿದು ಕಟ್ಟಿಕೊಂಡ. ನೆತ್ತರು ಕಣ್ಣಿಗಿಳಿಯುವುದು ನಿಂತಿತು. ಒಳಗೊಳಗೇ ಅಲ್ಲಾಹನ ಹೆಸರು ಹೇಳಿ, ಕಲ್ಲಿನ ಕೋಣೆಯ ಕಡೆ ಓಡಿದ.

ಕೋಣೆಯ ಬಾಗಿಲಲ್ಲಿ ತಿಮ್ಮಪ್ಪ ಗೌಡ ಕೇಪಿನ ಕೋವಿ ಹಿಡಿದು ಕೂತಿದ್ದ. ಗುಡ್ಡ ಅವನದೇ. ಚುಕ್ಕಿಯಮ್ಮನಿಗೆ ಬಿಟ್ಟುಕೊಟ್ಟಿದ್ದ. ಹೆಗಲಿಗೆ ಕರಿ ಕಂಬಳಿ, ಹಣೆಯಲ್ಲಿ ಅಂಗೈಯಗಲ ಕುಂಕುಮ.

“ಬನ್ನಿ ಸಾಬ್ರೆ. ತಗಳಿ, ಶಾರದಮ್ಮನ ಪ್ರಸಾದ. ನಿನ್ನೆ ಶೃಂಗೇರಿಗೆ ಹೋದವ ಅಲ್ಲೇ ಉಳಿದು ಇವತ್ತು ಮೊದಲ್ನೇ ಬಸ್ಸಿಗೆ ಬಂದೆ. ಇಳಿದ್ರೆ ಈ ಸುದ್ದಿ! ಎಂತ ಕಾಲ ಬಂತು ಮಾರಾಯ್ರೆ.”

ನರಸಿಂಹರಾಜಪುರದಲ್ಲಿ ಹುಟ್ಟಿ ಬೆಳೆದ ಗುಲಾಮ್ ಹುಸೇನ್ ಎರಡೂ ಕೈ ಒಡ್ಡಿ ಪೊಟ್ಟಣ ತೆಗೆದುಕೊಂಡ. ಪ್ರಸಾದ ತಂದ ಕೈಯನ್ನು ಆ ಸೀಮೆಯಲ್ಲಿ ಯಾರೂ ಎಲ್ಲಿಂದ ಬಂದೆ ಎಂದು ಕೇಳುವುದಿಲ್ಲ. ಅವನೂ ಕೇಳಲಿಲ್ಲ.

“ಕಂಬಳಿ ಸುಟ್ಟಿದೆಯಲ್ಲ ಗೌಡ್ರೆ?”

ಎದೆಯ ಮೇಲೆ ಕಡಲೆಕಾಳಿನಷ್ಟು ದುಂಡನೆಯ ತೂತು. ಅಂಚು ಮಸಿಗಟ್ಟಿತ್ತು.

“ಆರತಿ ಕರ್ಪೂರದ ಕಿಡಿ. ದೇವರ ಬೆಂಕಿ, ಸುಟ್ರೂ ಪುಣ್ಯವೇ” ಎಂದು ತಿಮ್ಮಪ್ಪ ನಕ್ಕ. ಕೋವಿಯ ನಳಿಗೆ ಸವರಿದ. “ಇದರಲ್ಲಿ ಒಂದೇ ಈಡು. ಎರಡನೇದಕ್ಕೆ ಮತ್ತೆ ಮದ್ದು ಜಡೀಬೇಕು. ಆದ್ರೆ ನನ್ನ ಮೊದಲ್ನೇದು ತಪ್ಪಲ್ಲ. ನೀವು ಧೈರ್ಯವಾಗಿರಿ.”

ಒಳಗೆ ಗಣಪತಿ ನೆಲದ ಮೇಲೆ ಬಿದ್ದಿದ್ದ. ಬೆಳಗ್ಗೆ ಪೊಲೀಸರು ಬರುವಷ್ಟರಲ್ಲಿ ಜನ ಅವನ ಬಲಗೈಯನ್ನು ಮೊಣಕೈ ಹತ್ತಿರ ಕಲ್ಲಿಟ್ಟು ಮುರಿದಿದ್ದರು. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೈ ಅದು. ಬಾಯಿಯ ಮುಂದಿನ ಹಲ್ಲುಗಳಿದ್ದ ಜಾಗ ಕೆಂಪು ಗುಳಿ. ಹೆಂಡತಿ ಯಮುನಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು.

“ಇನ್ನೊಂದ್ಸಲ ಹೇಳು ಗಣಪತಿ.”

“ಎಷ್ಟು ಸಲ ಹೇಳದು ಸಾಮಿ? ನನ್ ಕೆಲ್ಸ ಆಕಾಶ ಕಾಯದು. ಅಂಗಾತ ಮಲ್ಗಿ ಆಕಾಶದ ಅಂಚಿಂದ ವಿಮಾನದ ದೀಪ ಬತ್ತದಾ ನೋಡದು, ಕಂಬದ ಕಡೆ ಕಣ್ಣು ಹಾಕಲ್ಲ. ಬಂದ್ರೆ ಹಗ್ಗ ಎಳ್ದು ಲೇಸರಿನ ಮುಚ್ಚಳ ಬೀಳ್ಸದು. ಬೆಳಕು ಪೈಲೆಟ್ಟಿನ ಕಣ್ಣಿಗೆ ಹೊಡೀಬಾರ್ದಲ್ಲ.”

“ಕತ್ತಿ?”

“ಸೊಂಟದ ಹಿಂದೆ ಕತ್ತಿ ಸಿಗ್ಸ್ಕಂಡು ಅಂಗಾತ ಹೆಂಗೆ ಮಲ್ಗದು? ದಿನಾ ಹಂಗೆ ಗೋಡೆ ಮೊಳೆಗೆ ನೇತು ಹಾಕ್ತಿದ್ದೆ. ಅಮ್ಮ ಕಿರ್ಚಿದ್ದು ಕೇಳ್ತು. ಹಗ್ಗ ಎಳ್ದೆ, ಮುಚ್ಚಳ ಬಿತ್ತು, ಓಡ್ದೆ. ನನ್ ಕತ್ತಿ ಅಲ್ಲಿ ಅವ್ರ ಎದೆ ಮೇಲೆ ಇತ್ತು. ತೆಗ್ದೆ ಸಾಮಿ. ತೆಗ್ದಿದ್ದೇ ತಪ್ಪು.”

ಯಮುನಮ್ಮ ತಲೆ ಎತ್ತಿದಳು. “ಅಮ್ಮ ನನ್ನ ಬಾಣಂತನಕ್ಕೆ ತುಪ್ಪ ಕಳ್ಸಿದ್ರು. ಅವರ ಕುತ್ತಿಗೆಗೆ ಕತ್ತಿ ಇಡೋ ಗಂಡನ ಜೊತೆ ನಾನು ಸಂಸಾರ ಮಾಡ್ತಿದ್ನಾ? ನೀವೂ ತಾಯಿ ಹೆತ್ತ ಮಗ ಅಲ್ವ?”

ಮೂರನೆಯ ಕಲ್ಲು ಹೆಂಚೊಡೆದು ಒಳಗೆ ಬಿತ್ತು. ಗುಲಾಮ್ ಹುಸೇನ್ ಹೊರಗೆ ಬಂದು ತಿಮ್ಮಪ್ಪನ ತೋಳು ಹಿಡಿದ.

“ಗೌಡ್ರೆ, ನೀವೂ ಒಳಗೆ ಹೋಗಿ. ಚಿಲಕ ಹಾಕ್ಕಳಿ. ನನ್ನ ದನಿ ಬಿಟ್ಟು ಯಾರ ದನಿಗೂ ಬಾಗಿಲು ತೆಗೀಬೇಡಿ.”

“ಶಾರದಮ್ಮನ ಆಣೆ, ತೆಗೆಯಲ್ಲ.”

ದಪ್ಪ ಹಲಗೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿ ಗುಲಾಮ್ ಹುಸೇನ್ ನಿಟ್ಟುಸಿರು ಬಿಟ್ಟ.

ಇಡೀ ಆರೋಪ ಒಂದೇ ಮಾತಿನ ಮೇಲೆ ನಿಂತಿತ್ತು. ಲೇಸರ್ ನಡೆಸುವ ರೇಣುಕಪ್ಪನ ಮಾತು ಅದು.

ಲೇಸರಿನ ಕೋಣೆಯ ಗೋಡೆಯ ಕಿಂಡಿಯಿಂದ ಬೆಳಕು ಎದೆಯೆತ್ತರದಲ್ಲಿ ಅಂಗಳ ದಾಟಿ, ಆಚೆ ಓರೆಯಾಗಿ ನಿಂತ ಕನ್ನಡಿಗೆ ಬಡಿದು, ಅಲ್ಲಿಂದ ಮುಗಿಲಿಗೇರುತ್ತಿತ್ತು. ಆ ಗೆರೆಯ ಈಚೆ ಗಣಪತಿಯ ಚಾಪೆ, ಊರಿನ ಕಾಲುದಾರಿ. ಆಚೆ ಟೆಲಿಸ್ಕೋಪಿನ ಮನೆಯ ಬಾಗಿಲು. ಬೆಳಕು ಉರಿಯುವಾಗ ಅಡ್ಡ ಹಾಯ್ದರೆ ಆಕಾಶದ ಕಂಬ ಒಂದು ಕ್ಷಣ ಕಡಿದು ಹೋಗುತ್ತದೆ. “ಮೊದಲು ಹಸಿರು ಕಂಬ ಕಡಿಯಿತು, ಆಮೇಲೆ ಕಿರುಚಾಟ, ಆಮೇಲೆ ಮುಚ್ಚಳ ಬಿತ್ತು” ಎಂದು ರೇಣುಕಪ್ಪ ಹೇಳಿದ್ದ. ಅಂದರೆ ಕಿರುಚುವ ಮೊದಲೇ ಈಚೆಯಿಂದ ಆಚೆಗೆ ಯಾರೋ ದಾಟಿದ್ದರು. ಈಚೆ ಇದ್ದವನು ಗಣಪತಿಯೊಬ್ಬನೇ. ಗುಡ್ಡದ ಹಿಂಬದಿಯಲ್ಲಿ ಜನರೇಟರ್ ಕಾಯುವ ಜಮಾಲನಿಗೆ ಯಂತ್ರದ ಗದ್ದಲದಲ್ಲಿ ಏನೂ ಕೇಳಿರಲಿಲ್ಲ. ಊರು ಮಲಗಿತ್ತು.

ಆ ಬೆಳಕನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಗುಲಾಮ್ ಹುಸೇನ್ ಜಮಾಲನಿಗೆ ಜನರೇಟರ್ ಹಾಕಲು ಹೇಳಿ ಲೇಸರಿನ ಕೋಣೆಗೆ ಹೋದ. ರೇಣುಕಪ್ಪ ಮೂಲೆಯಲ್ಲಿ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದ. ಮೂವತ್ತರ ಆಸುಪಾಸಿನ ದಾವಣಗೆರೆಯ ಹುಡುಗ. ಕಾಲೇಜಿನಲ್ಲಿ ಮೊದಲ ದರ್ಜೆಯವನಂತೆ.

“ವ್ಯಾನು ಬಂತಾ ಸಾರ್?”

“ಬತ್ತದೆ.” ಗುಲಾಮ್ ಹುಸೇನ್ ಗೋಡೆಯ ಮೊಳೆಯಲ್ಲಿ ಸಾಲಾಗಿ ತೂಗುತ್ತಿದ್ದ ದಪ್ಪ ಕಿತ್ತಳೆ ಗಾಜಿನ ಕನ್ನಡಕಗಳಲ್ಲಿ ಒಂದನ್ನು ತೆಗೆದ. ಮಫ್ಲರಿನ ಮೇಲೆಯೇ ಏರಿಸಿದ.

ಮಗ ಹುಷಾರಾಗಿರಲೆಂದು ತಾಯಿ ರಹಮತ್ ಬೀ ದರ್ಗಾದಿಂದ ತಂದು ಮಣಿಕಟ್ಟಿಗೆ ಕಟ್ಟಿದ್ದ ಹಸಿರು ದಾರವೊಂದಿತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ದಾರ ಕಪ್ಪಗಿತ್ತು. ಕನ್ನಡಕ ಎತ್ತಿದ; ಹಸಿರು. ಇಳಿಸಿದ, ಕಪ್ಪು.

ಕನ್ನಡಕವನ್ನು ಮೂಗಿನ ಮೇಲೆಯೇ ಬಿಟ್ಟು ರೇಣುಕಪ್ಪನ ಕಡೆ ತಿರುಗಿದ. ದನಿ ಬದಲಾಗಲಿಲ್ಲ.

“ಇದನ್ನ ಯಾಕೆ ಹಾಕ್ಕತೀರಿ ರೇಣುಕಪ್ಪನವರೆ? ಚಳಿಗಾ?”

ರೇಣುಕಪ್ಪ ಮೊದಲ ಸಲ ನಕ್ಕ. “ಚಳಿಗೆ ಕನ್ನಡಕ ಯಾರು ಹಾಕ್ತಾರೆ ಸಾರ್! ಇದು ಜೀವ. ಈ ಲೇಸರ್ ಕಣ್ಣಿಗೆ ಬಿದ್ರೆ ರೆಪ್ಪೆ ಮುಚ್ಚೋದರೊಳಗೆ ಕಣ್ಣಿನ ತಳ ಸುಟ್ಟು ಹೋಗುತ್ತೆ. ಅದಕ್ಕೇ ಮೇಡಮ್ಮು ಕಟ್ಟುನಿಟ್ಟು ಮಾಡಿದ್ರು. ಯಂತ್ರದ ಹತ್ರ ಇರೋರು ಹಾಕ್ಕಂಡೇ ಇರಬೇಕು.”

“ಬೆಳಕು ಹೆಂಗೆ ಇರ್ತದೆ, ಒಂದ್ಸಲ ತೋರಿಸ್ತೀರಾ? ಜಮಾಲನಿಗೆ ಜನರೇಟರ್ ಹಾಕು ಅಂತ ಆಗಲೇ ಹೇಳಿದೀನಿ. ಮೇಲಿನವರು ಕೇಳಿದ್ರೆ ನಾನೂ ಏನಾದ್ರೂ ಹೇಳಬೇಕಲ್ಲ.”

ಗುಡ್ಡದ ಹಿಂದೆ ಯಂತ್ರ ಗುಡುಗತೊಡಗಿತು. ರೇಣುಕಪ್ಪ ಕನ್ನಡಕ ಹಾಕಿಕೊಂಡು ತಂಪು ನೀರಿನ ಪಂಪು ತಿರುಗಿಸಿದ, ಗುಂಡಿ ಒತ್ತಿದ. ಕೆಲಸದ ಹೆಮ್ಮೆ ಅವನ ಹೆದರಿಕೆಯನ್ನು ಮರೆಸಿತ್ತು.

“ಉರೀತಿದೆ ಸಾರ್. ಸಣ್ಣಗೆ ಇಟ್ಟಿದೀನಿ. ಮೇಜಿನ ಮೇಲಿನ ಪುಟ್ಟ ಕನ್ನಡಿಗೆ ಬಡಿದು ಆ ಗೋಡೆಗೆ ಹೋಗ್ತಿದೆ.”

ಗುಲಾಮ್ ಹುಸೇನ್ ನೋಡಿದ. ಗೋಡೆ ಗೋಡೆಯಾಗಿಯೇ ಇತ್ತು.

“ಎಲ್ಲಿ? ಏನೂ ಕಾಣಲ್ಲವಲ್ಲ!”

“ಕಾಣಬಾರದು ಸಾರ್! ಅದೇ ಈ ಗಾಜಿನ ಗುಣ. ನಮ್ಮ ಲೇಸರಿನ ಹಸಿರನ್ನ ಪೂರ್ತಿ ನುಂಗಿಬಿಡುತ್ತೆ. ಉಳಿದದ್ದೆಲ್ಲ ಕಾಣುತ್ತೆ, ಅದೊಂದು ಬಿಟ್ಟು.”

“ಚೂರೂ ಕಾಣಲ್ವಾ?”

“ಒಂದು ಎಳೆಯೂ ಕಾಣಲ್ಲ.”

“ನಿನ್ನೆ ನೀವು ಕನ್ನಡಕ ತೆಗೆದಿದ್ರಾ?”

“ಸಾಯಕ್ಕಾ ಸಾರ್? ನಾನು ಒಂದ್ಸಲನೂ…”

ಮಾತು ಅಲ್ಲೇ ಮುರಿಯಿತು. ಹೊರಗೆ ಜನರೇಟರ್ ಗುಡುಗುತ್ತಿತ್ತು. ಅದರಾಚೆ ಜನ ಕೂಗುತ್ತಿದ್ದರು.

ಗುಲಾಮ್ ಹುಸೇನ್ ತನ್ನ ಕನ್ನಡಕವನ್ನು ಮೆಲ್ಲಗೆ ಹಣೆಗೇರಿಸಿದ. ಗೋಡೆಯ ಮೇಲೆ ಹಸಿರು ಬೊಟ್ಟೊಂದು ಮಿಣುಗುತ್ತಿತ್ತು, ಮಿಂಚುಹುಳದಂತೆ.

“ಕಾಣದ ಕಂಬ ಕಡಿದದ್ದು ನಿಮಗೆ ಹೆಂಗೆ ಕಂಡಿತು ರೇಣುಕಪ್ಪ?”

ರೇಣುಕಪ್ಪನ ಕೈ ಯಂತ್ರದ ಗುಂಡಿಯ ಕಡೆ ಸರಿಯಿತು.

“ಆ ಗಣಪತಿಯ ಕೈ ಮುರಿದಿದಾರೆ. ನಿಮ್ಮ ಒಂದು ಮಾತಿಗೆ! ಬನ್ನಿ. ಕೆಳಗೆ ಹೋಗೋಣ. ನೀವೇ ಆ ಜನಕ್ಕೆ ಹೇಳಿ, ಸುಳ್ಳು ಹೇಳಿದ್ದೆ ಅಂತ.”

ಜನ ಎಂಬ ಮಾತು ಕಿವಿಗೆ ಬಿದ್ದದ್ದೇ ರೇಣುಕಪ್ಪನ ಮುಖ ಮನುಷ್ಯನದಾಗಿ ಉಳಿಯಲಿಲ್ಲ. ಗುಂಡಿಯನ್ನು ತುದಿಯವರೆಗೆ ತಿರುಗಿಸಿ, ಪುಟ್ಟ ಕನ್ನಡಿಯನ್ನು ಮೇಜಿನಿಂದ ಕಿತ್ತು ಎರಡೂ ಕೈಯಲ್ಲಿ ಗುಲಾಮ್ ಹುಸೇನನ ಕಡೆ ಹೊರಳಿಸಿದ.

ಹಸಿರು ಸಲಾಕೆಯೊಂದು ಕೋಣೆಯನ್ನು ಸೀಳಿತು. ಗುಲಾಮ್ ಹುಸೇನ್ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಅತ್ತ ತಿರುಗಿಸಿದ. ಕಪಾಟಿನ ಗಾಜು ಫಳಾರನೆ ಒಡೆಯಿತು. ಕಪ್ಪು ಪರದೆ ಹೊಗೆಯಾಡಿತು. ಮಫ್ಲರ್ ಸುತ್ತಿದ ಅವನ ಹಣೆಯ ಬದಿಗೆ ಕಾಯಿಸಿದ ಮೊಳೆಯಿಟ್ಟಂತಾಗಿ, ಸುಟ್ಟ ಉಣ್ಣೆಯ ವಾಸನೆ ಮೂಗಿಗೆ ಹತ್ತಿತು. ಅವನು ಕೂಗಿ ನೆಲಕ್ಕೆ ಬಿದ್ದ.

ಹಳೆಯ ಕಥೆಗಳಲ್ಲಿ ಅಸ್ತ್ರ ಬಿಟ್ಟವನಿಗೆ ಅದು ಹೋದ ದಾರಿ ಕಾಣುತ್ತದೆ. ಇಲ್ಲಿ ಬಿಟ್ಟವನೇ ಕುರುಡ. ಕಿತ್ತಳೆ ಗಾಜಿನ ಹಿಂದಿದ್ದ ರೇಣುಕಪ್ಪನಿಗೆ ತನ್ನ ಬೆಳಕು ಎಲ್ಲಿಗೆ ಬೀಳುತ್ತಿದೆಯೆಂದೇ ತಿಳಿಯುತ್ತಿರಲಿಲ್ಲ. ಅವನು ಕನ್ನಡಿಯನ್ನು ಹುಚ್ಚನಂತೆ ಅತ್ತಿತ್ತ ತೂರಾಡಿಸುತ್ತಿದ್ದ. ಗುಲಾಮ್ ಹುಸೇನ್ ನೆಲದಲ್ಲೇ ಕನ್ನಡಕ ಕೆಳಗೆಳೆದುಕೊಂಡು, ತೆವಳಿ ಹೋಗಿ, ಅವನ ಮೊಣಕಾಲಿಗೆ ಬೂಟಿನಿಂದ ಒದ್ದ.

ಎಲುಬು ಕಟಕ್ಕೆಂದಿತು. ಕನ್ನಡಿ ನೆಲಕ್ಕೆ ಬಿದ್ದು ಚೂರಾಯಿತು. ಗುಲಾಮ್ ಹುಸೇನ್ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ಮೂಗು ಒಡೆದು ನೆತ್ತರು ಇಬ್ಬರ ಮೈಗೂ ಸಿಡಿಯಿತು. ಎತ್ತಿದ ಮುಷ್ಟಿಯ ಮಣಿಕಟ್ಟಿನಲ್ಲಿ ತಾಯಿ ಕಟ್ಟಿದ ದಾರ ಕಂಡಿತು. ಗಾಜಿನೊಳಗಿಂದ ಕಪ್ಪಾಗಿ, ಬೇರೆ ಯಾರದೋ ಕೈಯ ದಾರದಂತೆ. ಕೆಳಗೆ ಕೂಗುತ್ತಿದ್ದವರ ಮುಷ್ಟಿಗೂ ಇದಕ್ಕೂ ಏನು ಭೇದ? ಕೈ ಗಾಳಿಯಲ್ಲೇ ನಿಂತಿತು.

ಅವನು ಎದ್ದು ಗುಂಡಿ ಆರಿಸಿದ.

“ಯಾಕೆ ಕೊಂದೆ?”

“ನಾನಲ್ಲ!” ರೇಣುಕಪ್ಪ ನೆತ್ತರು ಉಗುಳಿ ಅತ್ತ. “ನಾನು ಇಲ್ಲೇ ಇದ್ದೆ ಸಾರ್, ಕನ್ನಡಕ ಹಾಕ್ಕಂಡು. ಕಿರುಚಿದ್ದು ಕೇಳಿತು, ಮುಚ್ಚಳ ಬಿದ್ದದ್ದು ಕೇಳಿತು. ಅಷ್ಟೇ. ಕಣ್ಣಿಗೆ ಏನೂ ಕಂಡಿಲ್ಲ!”

“ಮತ್ತೆ ಕಂಬ ಕಡಿದ ಮಾತು?”

“ನಂದಲ್ಲ. ಬೆಳಗ್ಗೆ ಅವರು ಬಂದು ಹೇಳಿದ್ರು. ‘ಮೊದಲು ಕಂಬ ಕಡೀತು, ಆಮೇಲೆ ಅಮ್ಮ ಕಿರುಚಿದ್ದು. ಯಂತ್ರದ ಹತ್ರ ಇದ್ದವ ನೀನು, ನಿಂಗೂ ಕಂಡೇ ಇರ್ತದೆ. ಹೇಳು ಮಾರಾಯ. ಹೇಳದಿದ್ರೆ ಗುಡ್ಡದ ಮೇಲಿದ್ದ ಇನ್ನೊಬ್ಬ ನೀನೇ. ಜನ ನಿನ್ನ ತೋಳು ಬೇರೆ ತೊಡೆ ಬೇರೆ ಮಾಡ್ತಾರೆ’ ಅಂದ್ರು. ನನಗೆ ಹೆದರಿಕೆ ಆಯ್ತು ಸಾರ್.”

“ಯಾರು ಹೇಳಿದ್ದು?”

“ಮೊನ್ನೆ ಸಂಜೆ…” ರೇಣುಕಪ್ಪ ಒಡೆದ ಮೂಗನ್ನು ತೋಳಿನಿಂದ ಒರೆಸಿಕೊಂಡ. “ಕನ್ನಡಿ ಸರಿ ಹೋಯ್ತಲ್ಲ, ಅಡ್ಡಕ್ಕೂ ಪರೀಕ್ಷೆ ಮಾಡೋಣ ಅಂತ ಮೇಡಮ್ಮು ಟೆಲಿಸ್ಕೋಪನ್ನ ಎದುರು ಗುಡ್ಡದ ಕಡೆ ಇಳಿಸಿದ್ರು. ಮೊದಲಾದ್ರೆ ಅಷ್ಟು ದೂರ ಬರೀ ಕಲಸಿದ ಬಣ್ಣ. ಮೊನ್ನೆ ಎಲೆ ಎಲೆ ಎಣಿಸೋ ಹಂಗೆ ಕಂಡಿತು. ಅವರು ನೋಡ್ತಾ ನೋಡ್ತಾ ಬೆಳ್ಳಗಾದ್ರು. ‘ಯಾರೋ ಗುಂಡಿ ಮುಚ್ತಿದಾರೆ ರೇಣುಕಪ್ಪ, ಮಣ್ಣಿನಿಂದ ಒಂದು ಕೈ ಹೊರಗಿದೆ’ ಅಂದ್ರು. ನಾನು ನೋಡೋ ಹೊತ್ತಿಗೆ ಬರೀ ಮಣ್ಣು. ಜಾಗದ ಯಜಮಾನರನ್ನೇ ಕೇಳ್ತೀನಿ ಅಂತ ಅವರ ಮನೆಗೇ ಇಳಿದು ಹೋದ್ರು. ಸತ್ತ ಕರು ಹೂಳಿದ್ದು ಅಂದ್ರಂತೆ. ಮೇಡಮ್ಮು ನಂಬಲಿಲ್ಲ. ನಿನ್ನೆ ಸಂಜೆ ಕೂಡ, ನಾಳೆ ಕೊಪ್ಪಕ್ಕೆ ಹೋಗಿ ಸ್ಟೇಷನ್ನಿಗೆ ಹೇಳ್ತೀನಿ ಅಂತಿದ್ರು.”

“ಯಜಮಾನ ಯಾರು?”

ಕೇಳುತ್ತಲೇ ಗುಲಾಮ್ ಹುಸೇನನ ಕೈ ಉರಿಯುತ್ತಿದ್ದ ಹಣೆಯ ಬದಿಗೆ ಹೋಗಿತ್ತು. ಮಫ್ಲರ್ ಬಿಚ್ಚಿ ಬೆಳಕಿಗೆ ಹಿಡಿದ. ಕಪ್ಪು ಉಣ್ಣೆಯಲ್ಲಿ ಕಡಲೆಕಾಳಿನಷ್ಟು ದುಂಡನೆಯ ತೂತು. ಅಂಚು ಮಸಿಗಟ್ಟಿತ್ತು.

ಕರ್ಪೂರದ ಕಿಡಿ ಇಷ್ಟು ದುಂಡಗೆ ಸುಡುವುದಿಲ್ಲ. ಎದೆಯೆತ್ತರದಲ್ಲಿ ಹರಿಯುವ ಬೆಳಕಿಗೆ ಎದೆಯೊಡ್ಡಿ, ಬೆಚ್ಚಿ, ಒಂದು ಗಳಿಗೆ ಅಲ್ಲೇ ನಿಂತವನ ಕಂಬಳಿ ಹೀಗೆ ಸುಡುತ್ತದೆ. ಶೃಂಗೇರಿಯಲ್ಲಿ ಮಲಗಿದ್ದವನಿಗೆ ಇಲ್ಲಿಯ ಕಂಬ ಕಡಿದದ್ದು ತಿಳಿಯುವುದಿಲ್ಲ. ಕಡಿದವನಿಗೆ ತಿಳಿಯುತ್ತದೆ.

ಜೇಬಿನಲ್ಲಿದ್ದ ಪ್ರಸಾದದ ಪೊಟ್ಟಣ ಎದೆಗೆ ಕೆಂಡದಂತೆ ತಗುಲಿತು.

“ತಿಮ್ಮಪ್ಪ ಗೌಡ್ರು ಸಾರ್” ಎಂದ ರೇಣುಕಪ್ಪ.

ಗುಲಾಮ್ ಹುಸೇನ್ ಬಾಗಿಲು ದಾಟುವ ಮೊದಲೇ ಈಡು ಕೇಳಿಸಿತು.

ಕೆಳಗಿನ ಕೂಗು ಕತ್ತರಿಸಿದಂತೆ ನಿಂತಿತು. ಗುಡ್ಡದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಅವನು ಅಂಗಳ ಹಾರಿ ಕಲ್ಲಿನ ಕೋಣೆಯ ಬಾಗಿಲಿಗೆ ಭುಜ ಕೊಟ್ಟ. ತಾನೇ ಹಾಕಿಸಿದ ಚಿಲಕ. ಹಲಗೆ ಮಿಸುಕಲಿಲ್ಲ. ಸಂದಿಯಿಂದ ಮದ್ದಿನ ಹೊಗೆ ಸುರುಳಿಯಾಗಿ ಬರುತ್ತಿತ್ತು.

“ಗೌಡ್ರೆ! ಗುಲಾಮ್ ಹುಸೇನ್ ನಾನು! ಬಾಗಿಲು ತೆಗೀರಿ!”

ಅವನು ಬಾಗಿಲನ್ನು ಬೂಟಿನಿಂದ ಒದ್ದ.

“ಗಣಪತೀ! ಯಮುನಮ್ಮಾ!”

ಹೊಸ್ತಿಲ ಕೆಳಗಿನಿಂದ ನೆತ್ತರು ಹೊರಬಂದು, ಕಲ್ಲಿನ ಗೀರನ್ನು ಹುಡುಕಿಕೊಂಡು ಅವನ ಬೂಟಿನತ್ತ ನಿಧಾನವಾಗಿ ಹರಿಯಿತು. ಮೂವರಲ್ಲಿ ಯಾರದು? ದೇವರಿಗೊಬ್ಬನಿಗೆ ಗೊತ್ತು. ಅವನು ಹಲಗೆಗೆ ಕಿವಿಯಿಟ್ಟ.

ಒಳಗೆ ಯಾರೂ ಅಳುತ್ತಿರಲಿಲ್ಲ, ನರಳುತ್ತಿರಲಿಲ್ಲ. ಒಂದೇ ಸದ್ದು. ಕಬ್ಬಿಣದ ಕೋಲು ನಳಿಗೆಯೊಳಗೆ ಇಳಿದು ಏಳುವ ಸದ್ದು. ಟಕ್. ಟಕ್. ಟಕ್.

ಯಾರೋ ಅವಸರವಿಲ್ಲದೆ ಎರಡನೆಯ ಈಡಿಗೆ ಮದ್ದು ಜಡಿಯುತ್ತಿದ್ದರು.